ಎಡತೋಳಿನ ದೂರು

ನಲವತ್ತು ಬಿಳಿ ಕೋಟುಗಳು ಆಸ್ಪತ್ರೆಯಿಂದ ಮೂಟೆ ಕಟ್ಟಿಸಿಕೊಂಡು ವಾಪಸ್ ಬಂದವು. ನಲವತ್ತಕ್ಕೂ ಒಂದೇ ರೋಗ: ಎಡತೋಳು ಬಲತೋಳಿಗಿಂತ ಎರಡು ಬೆರಳು ಗಿಡ್ಡ. ಮೂಟೆ ಇಳಿಸಿದ ಹಿರಿಯ ನರ್ಸು, "ನಮ್ಮವರಿಗೆ ಎರಡು ಕೈಯೂ ಸಮ ಇವೆ ಕಣಮ್ಮಾ" ಎಂದು ನಕ್ಕು ಹೋದಳು. ಟೈಲರಮ್ಮನ ಪಿತ್ತ ನೆತ್ತಿಗೇರಿತು.

ಇಪ್ಪತ್ತೆರಡು ವರ್ಷ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಗೆರೆ ಎಳೆದವಳು ಅವಳು. ಈ ಸಲ ಮಾತ್ರ ಕಂಪ್ಯೂಟರಿನಲ್ಲಿ ಬಟ್ಟೆ ಕತ್ತರಿಸುವ ನಮೂನೆ ಬರೆಯುವ, ಬಿಟ್ಟಿ ಸಿಗುವ ಮುಕ್ತ ತಂತ್ರಾಂಶವೊಂದನ್ನು ನಂಬಿದ್ದಳು. ಬಲತೋಳು ಬರೆದರೆ ಸಾಕು, ಎಡದ್ದನ್ನು ಅದೇ ಬರೆದುಕೊಡುತ್ತಿತ್ತು. ಪರದೆಯ ಮೇಲೆ ಎರಡೂ ಸಮವಾಗಿ ಕಂಡಿದ್ದವು. ಹೊಲಿಯುವಾಗ ಬಲದ್ದನ್ನು ಇವಳು, ಎಡದ್ದನ್ನು ಅತ್ತೆ ಹಂಚಿಕೊಂಡು, ಅವಸರದಲ್ಲಿ ಮಡಿಸಿ ಕಳಿಸಿದ್ದರಿಂದ ಇಬ್ಬರ ಕಣ್ಣಿಗೂ ವ್ಯತ್ಯಾಸ ಬೀಳಲಿಲ್ಲ.

ಊಟವನ್ನೂ ಮಾಡದೆ ಕೂತು ತಂತ್ರಾಂಶದ ದೂರಿನ ಪುಟದಲ್ಲಿ ಬರೆದಳು: "ನಿಮ್ಮದು ಕೆಲಸಕ್ಕೆ ಬಾರದ ತಂತ್ರಾಂಶ. ನನ್ನ ಮಾನ ಕಳೆಯಿತು. ಬಿಟ್ಟಿ ಸಿಕ್ಕಿದ್ದನ್ನು ನಂಬಿದ್ದಕ್ಕೆ ಬುದ್ಧಿ ಬಂತು."

ಆ ತಂತ್ರಾಂಶವನ್ನು ನೋಡಿಕೊಳ್ಳುವವನು ಮರುದಿನ ಉತ್ತರಿಸಿದ: "ಏನು ಮಾಡಿದಿರಿ? ಏನಾಗಬೇಕಿತ್ತು? ಏನಾಯಿತು? ಯಾವ ಆವೃತ್ತಿ? ಕಡತ ಕಳಿಸಿ." ಕಳಿಸಿದಳು. ಸಂಜೆಗೆ ಇನ್ನೊಂದು ಸಾಲು ಬಂತು: "ನನ್ನಲ್ಲಿ ಸರಿಯಾಗಿಯೇ ಅಚ್ಚಾಗುತ್ತಿದೆ. ದೂರು ಮುಚ್ಚಿದ್ದೇನೆ."

"ಮುಚ್ಚಿದಾನಂತೆ! ಹಾಗಾದ್ರೆ ನಾನು ಸುಳ್ಳಿನ ಸರದಾರಿಣೀನಾ?" ಅವಳು ಅದೇ ಕಡತ ತೆರೆದು ಅಚ್ಚು ಹಾಕಿದಳು. ತೋಳುಗಳೆರಡೂ ಸಮವಾಗಿ ಬಂದವು. ಗಾಯದ ಮೇಲೆ ಬರೆ ಎಳೆದಂತಾಯಿತು. ಕಾಗದವನ್ನು ಮುದ್ದೆ ಮಾಡಿ ಗೋಡೆಗೆಸೆದಳು.

ಅತ್ತೆ ಗುಂಡಿಯ ಕಾಜಾ ಹೊಲಿಯುತ್ತಿದ್ದವರು ಕನ್ನಡಕದ ಮೇಲಿಂದ ನೋಡಿದರು. "ಗೋಡೆ ಏನು ಮಾಡ್ತು ತಾಯಿ? ಅವತ್ತು ಏನೇನು ಮಾಡ್ದೆ?"

"ತೋಳು ಬರೆದೆ, ಅಚ್ಚು ಹಾಕ್ದೆ. ಇನ್ನೇನು?"

"ಇಲ್ಲಮ್ಮಾ. ನಡುವೆ ಆಸ್ಪತ್ರೆಯಿಂದ ಫೋನ್ ಬಂದಿತ್ತಲ್ಲ, ತೋಳು ಇನ್ನೊಂಚೂರು ಉದ್ದ ಇರಲಿ ಅಂತ."

ಅವಳಿಗೆ ನೆನಪಾಯಿತು. ಹೌದು, ಎಡತೋಳು ಮೂಡಿದ ಮೇಲೆ ಬಲತೋಳನ್ನು ಎರಡು ಬೆರಳು ಉದ್ದ ಮಾಡಿದ್ದಳು. ಹೊಸ ಕಡತ ತೆರೆದು, ಅಂದಿನದನ್ನೆಲ್ಲ ಮೊದಲಿಂದ ಮಾಡಿ, ಮುಚ್ಚದೆಯೇ ಅಚ್ಚು ಹಾಕಿದಳು. ಪರದೆಯ ಮೇಲೆ ಎರಡೂ ಸಮ. ಕಾಗದದ ಮೇಲೆ ಎಡದ್ದು ಗಿಡ್ಡ. ಕಡತ ಮುಚ್ಚಿ ತೆರೆದರೆ ತಪ್ಪು ಮಾಯ. ಮೂರು ಸಲ ಮಾಡಿದಳು, ಮೂರು ಸಲವೂ ಹಾಗೆಯೇ ಆಯಿತು.

ಮತ್ತೆ ದೂರು ಬರೆಯಲು ಹೋದವಳು ಹಳೆಯ ದೂರುಗಳನ್ನು ಹುಡುಕಿದಳು. ಎಡಭಾಗ ತಪ್ಪಾಗುತ್ತಿದೆಯೆಂದು ಇಬ್ಬರು ಆಗಲೇ ಬರೆದಿದ್ದರು, ಒಬ್ಬರಂತೂ ಮೂರು ವರ್ಷದ ಹಿಂದೆ. ಎರಡರ ಕೆಳಗೂ ಅದೇ ಮಾತು: "ನನ್ನಲ್ಲಿ ಸರಿಯಾಗಿದೆ."

ಈಗ ಅವಳ ಸಿಟ್ಟಿಗೆ ಒಂದು ಗುರಿ ಸಿಕ್ಕಿತು. ಬೈಗುಳ ಒಂದೂ ಇಲ್ಲದೆ ಬರೆದಳು. ಮೊದಲು ಯಾವ ಗುಂಡಿ ಒತ್ತಿದೆ, ಆಮೇಲೆ ಯಾವುದು, ಪರದೆಯಲ್ಲಿ ಎಷ್ಟು ಅಳತೆ, ಕಾಗದದಲ್ಲಿ ಎಷ್ಟು, ಆವೃತ್ತಿಯ ಸಂಖ್ಯೆ. ಟೇಪು ಹಿಡಿದು ತೆಗೆದ ಫೋಟೋ ಸೇರಿಸಿದಳು. ಕೊನೆಗೆ, "ಕಡತ ಮುಚ್ಚಿ ತೆರೆದರೆ ತಪ್ಪು ಕಾಣಿಸುವುದಿಲ್ಲ. ನಿಮಗೆ ಕಾಣದ್ದು ಇಲ್ಲ ಎಂದಲ್ಲ. ಆ ಇಬ್ಬರ ದೂರನ್ನೂ ಮತ್ತೆ ತೆರೆಯಿರಿ" ಎಂದಳು.

ಮೂರನೆಯ ದಿನ ಉತ್ತರ ಬಂತು: "ತಪ್ಪು ಸಿಕ್ಕಿತು, ಸರಿಪಡಿಸಿದೆ. ಮೂರೂ ದೂರು ತೆರೆದಿದ್ದೇನೆ. ಹೊಟ್ಟೆಪಾಡಿನ ಕೆಲಸ ಮುಗಿಸಿ ಬಂದು ಒಬ್ಬನೇ ಈ ತಂತ್ರಾಂಶ ನೋಡಿಕೊಳ್ಳುತ್ತೇನೆ. ಆದರೂ ಕೇಳಿ ತಿಳಿಯದೆ ಮುಚ್ಚಿದ್ದು ನನ್ನದೇ ತಪ್ಪು. ಕ್ಷಮಿಸಿ."

ಅವಳು ಅತ್ತೆಗೆ ಓದಿ ಹೇಳಿದಳು.

"ಪಾಪ, ಒಬ್ಬನೇ ಅಂತೆ. ಹೋಗಲಿ ಬಿಡು."

"ಪಾಪಾನೇ. ಆದ್ರೆ ಅವನ ಕ್ಷಮೆಯಿಂದ ನಲವತ್ತು ತೋಳು ಉದ್ದ ಆಗುತ್ತಾ ಅತ್ತೆ? ನನಗಿನ್ನೂ ಮೈ ಉರೀತಿದೆ."

"ಉರಿಯಲಿ. ಒಂದು ತೋಳು ಹೊಲಿದು ನೋಡದೆ ನಲವತ್ತು ಕತ್ತರಿಸಿದ್ದು ಯಾರು?"

ಟೈಲರಮ್ಮ ಹಲ್ಲು ಕಡಿಯುತ್ತಾ ಹೊಸ ಆವೃತ್ತಿ ಇಳಿಸಿಕೊಂಡು ಅಚ್ಚು ಹಾಕಿ, ಟೇಪಿನಲ್ಲಿ ಎರಡು ಸಲ ಅಳೆದಳು. ಆಮೇಲೆ ಒಂದೇ ಒಂದು ಎಡತೋಳು ಕತ್ತರಿಸಿ ಮೆಷಿನ್ನಿಗೆ ಕೊಟ್ಟಳು.