ಅಪ್ಪನ ಕತ್ತರಿಗೆ ಸಿಗದ ತಲೆ

ಈ ಬೀದಿಯವರ ತಲೆಯೆಲ್ಲ ನನ್ನ ಕೈಯಲ್ಲಿದೆ ಎಂದರೆ ಅದು ಜಂಬವಲ್ಲ, ನನ್ನ ಕಸುಬೇ ಅದು. ಕಟಿಂಗ್ ಶಾಪ್ ಇಟ್ಟವನಿಗೆ ಯಾರ ನೆತ್ತಿ ಬೋಳಾಗುತ್ತಿದೆ, ಯಾರು ಕದ್ದು ಬಣ್ಣ ಹಚ್ಚುತ್ತಾರೆ, ಯಾರ ತಲೆಯಲ್ಲಿ ಹಳೇ ಏಟಿನ ಗುರುತಿದೆ ಎಲ್ಲ ಗೊತ್ತಿರುತ್ತದೆ. ಕಂಡದ್ದನ್ನು ಆಡಬಾರದು, ಅಷ್ಟೇ. ಗಿರಾಕಿ ತಾನಾಗಿ ಹೇಳಿದರೆ ಕೇಳಬೇಕು, ಇಲ್ಲದಿದ್ದರೆ ಬಾಯಿಗೆ ಬೀಗ. ನಮ್ಮಪ್ಪ ನನಗೆ ಕತ್ತರಿ ಹಿಡಿಯಲು ಕಲಿಸುವ ಮುಂಚೆ ಕಲಿಸಿದ್ದು ಇದನ್ನು.

ಇಷ್ಟು ತಲೆಗಳ ನಡುವೆ ಒಂದೇ ಒಂದು ತಲೆ ನನ್ನ ಕೈತಪ್ಪಿ ಹೋಗಿತ್ತು. ಅದು ನನ್ನ ಮಗಳದು.

ಹುಟ್ಟುಗೂದಲಿನಿಂದ ಹಿಡಿದು ಅವಳ ಕೂದಲು ಕತ್ತರಿಸಿದವನು ನಾನೇ. ಕಾಲೇಜು ಮುಗಿಯುವ ಹೊತ್ತಿಗೆ ಒಂದು ದಿನ "ಬೇಡಪ್ಪ" ಅಂದಳು. ಆಮೇಲೆ ಯಾವಾಗ ಕರೆದರೂ ಬೇಡವೇ. ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿ, ಮೇಲೊಂದು ಸ್ಕಾರ್ಫ್ ಸುತ್ತಿಕೊಂಡೇ ಓಡಾಡತೊಡಗಿದಳು. ಕರೆಂಟ್ ಕಂಪನಿಯಲ್ಲಿ ಫೋನಿನಲ್ಲಿ ದೂರು ಕೇಳುವ ಕೆಲಸ ಸಿಕ್ಕಿತು. ಕರೆಂಟ್ ಹೋದವರೆಲ್ಲ ಇವಳೇ ಬಂದು ಫ್ಯೂಸ್ ಕಿತ್ತುಕೊಂಡು ಹೋದಳೇನೋ ಎಂಬಂತೆ ದಿನವಿಡೀ ಕಿವಿಗೆ ಬೈಯುತ್ತಾರಂತೆ. ಅಲ್ಲಿಯ ಗೆಳತಿಯರು ಒಮ್ಮೆ ಮನೆಗೆ ಬಂದಿದ್ದಾಗ, "ನಿಮ್ಮ ತಂದೆ ಏನ್ ಮಾಡ್ತಾರೆ?" ಎಂದು ಒಬ್ಬಳು ಕೇಳಿದಳು. ನನ್ನ ಮಗಳು "ಸ್ವಂತ ಬಿಸಿನೆಸ್" ಅಂದಳು.

ಒಳಗಿನ ಕೋಣೆಯಲ್ಲಿದ್ದ ನನಗೆ ಆ ಮಾತು ಎದೆಗೆ ನಾಟಿತು. ಓಹೋ, ಅಪ್ಪನ ಕಸುಬು ನಾಚಿಕೆ! ಅದಕ್ಕೇ ಅಪ್ಪನ ಕೈ ತಲೆಗೆ ತಾಗುವುದೂ ಬೇಡ!

ನನ್ನ ಸಿಟ್ಟು ಸೋಪಿನ ನೊರೆಯಂಥದು, ಬೇಗ ಏರಿ ಬೇಗ ಇಳಿಯುತ್ತದೆ. ಆ ಸಲ ಮಾತ್ರ ಇಳಿಯಲೇ ಇಲ್ಲ. ಮಗಳ ಜೊತೆ ಮಾತು ಬಿಟ್ಟೆ. "ನಿನ್ನ ಮಗಳಿಗೆ ಹೇಳು, ಬಾತ್‌ರೂಮಿನ ಲೈಟ್ ಆರಿಸಲಿ" ಎಂದು ಹೆಂಡತಿಗೆ ಹೇಳುವುದು. "ಅಪ್ಪಂಗೆ ಹೇಳಮ್ಮ, ಲೈಟ್ ಹಾಕಿದ್ದು ಅವರೇ" ಎಂದು ಅತ್ತಲಿಂದ ಉತ್ತರ. "ನಾನೇನು ಪೋಸ್ಟಾಫೀಸಾ?" ಎಂದು ಇವಳು ಇಬ್ಬರ ಮೇಲೂ ರೇಗುವಳು.

ಅಂಗಡಿಗೆ ರಜೆಯಿದ್ದ ಒಂದು ಮಧ್ಯಾಹ್ನ ಮಗಳು ಬೆಳಗಿನ ಪಾಳಿ ಮುಗಿಸಿ ಬಂದು ಸೋಫಾದಲ್ಲಿ ಬೋರಲು ಮಲಗಿದ್ದಳು. ಸೆಖೆಯಿತ್ತು, ಫ್ಯಾನ್ ಹಾಕೋಣವೆಂದು ಹೋದೆ. ಸ್ಕಾರ್ಫ್ ಜಾರಿತ್ತು, ಕಿಟಕಿಯ ಬೆಳಕು ನೇರ ನೆತ್ತಿಯ ಮೇಲೆ ಬಿದ್ದಿತ್ತು. ನಾನು ಹಾಗೇ ನಿಂತುಬಿಟ್ಟೆ.

ನೆತ್ತಿಯ ಬಲಗಡೆ ಗಾಯಗಳು. ಕೆಲವು ಹಸಿ, ಕೆಲವು ಹಕ್ಕಳೆ ಕಟ್ಟಿದ್ದು, ಕೆಲವು ಮಾಸಿ ಬೆಳ್ಳಗಾದದ್ದು. ಸುತ್ತಲೂ ಕೂದಲು ತೆಳ್ಳಗಾಗಿತ್ತು. ಹೊಟ್ಟಲ್ಲ, ಹುಳುಕಡ್ಡಿಯೂ ಅಲ್ಲ, ಅವು ಹೇಗಿರುತ್ತವೆಂದು ನನಗೆ ಗೊತ್ತು. ಇದು ಬಲಗೈ ಬೆರಳು ಸಲೀಸಾಗಿ ತಲುಪುವ ಜಾಗದಲ್ಲಿ ಮಾತ್ರ ಇತ್ತು, ಅಂದರೆ ಇವಳೇ ಕಿತ್ತುಕೊಂಡದ್ದು. ಸೋಫಾದಿಂದ ಇಳಿಬಿದ್ದಿದ್ದ ಕೈಯನ್ನೂ ನೋಡಿದೆ. ಉಗುರು ಬುಡದವರೆಗೆ ಕಚ್ಚಿಹೋಗಿತ್ತು, ಹೆಬ್ಬೆರಳಿನ ಸುತ್ತ ಚರ್ಮ ಕಿತ್ತು ಕೆಂಪಾಗಿತ್ತು. ಉಗುರು ಕಚ್ಚುವುದು ಸ್ಕೂಲಿನ ದಿನಗಳಿಂದಲೂ ಇತ್ತು. ಆಗ ಕಹಿ ಹಚ್ಚಿದ್ದೆವು, ಕೈಮೇಲೆ ಎರಡು ಬಿಟ್ಟಿದ್ದೆವು, ನೆಂಟರ ಮುಂದೆ ಆಡಿಕೊಂಡು ನಕ್ಕಿದ್ದೆವು. ದೊಡ್ಡವಳಾದ ಮೇಲೆ ಬಿಟ್ಟಳು ಎಂದುಕೊಂಡಿದ್ದೆ.

ನಿಜ ಹೇಳುತ್ತೇನೆ, ಮೊದಲು ಬಂದದ್ದು ಸಮಾಧಾನ. ಹಾಗಾದರೆ ಇವಳು ನನ್ನ ಕಸುಬಿಗೆ ನಾಚಿದವಳಲ್ಲವೇನೋ, ಇದನ್ನು ಮುಚ್ಚಿಟ್ಟುಕೊಂಡವಳೇನೋ! ಮರುಕ್ಷಣವೇ ಆ ಸಮಾಧಾನಕ್ಕೆ ನನಗೇ ನಾಚಿಕೆಯಾಯಿತು. ನನ್ನ ಮನೆಯಲ್ಲೇ, ನನ್ನ ಕಣ್ಣೆದುರಿಗೇ, ಈ ಹುಡುಗಿ ಇದನ್ನು ಒಬ್ಬಳೇ ಹೊತ್ತುಕೊಂಡು ಓಡಾಡಿದಳಲ್ಲ.

ಎಬ್ಬಿಸಿ ಕೇಳುವ ಧೈರ್ಯವಾಗಲಿಲ್ಲ. ಕೇಳಿ ಬಾಯಿ ತಪ್ಪಿ ಬೈದರೆ ಮತ್ತೆ ಕೈಗೆ ಸಿಗಳು. ಆದರೆ ಇಂಥ ಗಾಯವನ್ನು ನಾನು ಇನ್ನೊಂದು ತಲೆಯಲ್ಲಿ ಕಂಡಿದ್ದೆ. ಆಂಬುಲೆನ್ಸ್ ಓಡಿಸುವ ಡ್ರೈವರ್ ಒಬ್ಬ ನನ್ನ ಹಳೇ ಗಿರಾಕಿ. ಅವನ ನೆತ್ತಿಯಲ್ಲೂ ಹೀಗೇ ಇತ್ತು. ಬಾಚಣಿಗೆ ತಾಗದಂತೆ ಸುತ್ತಿ ಬಳಸಿ ಕತ್ತರಿಸುತ್ತಿದ್ದೆ. ಈಚೆಗೆ ಅವು ಮಾಯುತ್ತ ಬಂದಿದ್ದವು. ಆ ವಾರ ಅವನು ಬಂದು ಕುರ್ಚಿಯಲ್ಲಿ ಕೂತಾಗ ನಮ್ಮಪ್ಪನ ಪಾಠವನ್ನು ಗಾಳಿಗೆ ತೂರಿದೆ.

"ತಪ್ಪು ತಿಳ್ಕೋಬೇಡಿ. ತಲೇಲಿದ್ದ ಗಾಯ ಹೇಗೆ ವಾಸಿಯಾಯ್ತು?"

ಅವನು ಕನ್ನಡಿಯಲ್ಲಿ ನನ್ನನ್ನೇ ನೋಡಿದ. "ಅಂತೂ ಕೇಳಿದ್ರಲ್ಲ ಯಜಮಾನ್ರೇ! ಇಷ್ಟು ವರ್ಷ ಅದರ ಸುತ್ತ ಬಾಚಣಿಗೆ ತಿರುಗಿಸ್ತಿದ್ರಿ, ತುಟಿ ಬಿಚ್ಚಲಿಲ್ಲ. ಅಸಹ್ಯ ಪಟ್ಕೋತೀರಿ ಅಂದ್ಕೊಂಡಿದ್ದೆ."

"ಅಯ್ಯೋ, ಮರ್ಯಾದೆ ಅಂತ ಸುಮ್ನಿದ್ದೆ ಮಾರಾಯ್ರೇ."

"ಗಾಡಿ ಖಾಲಿ ನಿಂತಿದ್ದಾಗ ಕೈ ತಾನಾಗೇ ಮೇಲೆ ಹೋಗ್ತಿತ್ತು. ಚರ್ಮ ಕೀಳುವಾಗ ಒಂಥರಾ ಹಗುರ, ಆಮೇಲೆ ನಾಚಿಕೆ. ಬೈದ್ರೆ ಹೋಗೋ ಹಾಗಿದ್ರೆ ನಮ್ಮನೆಯವಳ ಬಾಯಿಗೆ ಹೆದರಿ ಎಂದೋ ಓಡಿಹೋಗ್ತಿತ್ತು! ಕೊನೆಗೆ ಮನಸ್ಸಿನ ಡಾಕ್ಟರ ಹತ್ರ ಹೋದೆ. ಕೈ ಯಾವಾಗ ಹೋಗುತ್ತೆ ಅಂತ ಗಮನಿಸೋದು ಕಲಿಸಿದ್ರು, ಹೋದ ಕೈಗೆ ಬೇರೆ ಕೆಲಸ ಕೊಡೋದು ಕಲಿಸಿದ್ರು. ಮುಷ್ಟಿ ಬಿಗಿ ಹಿಡಿಯೋದು, ಸ್ಟೇರಿಂಗ್ ಹಿಡಿಯೋದು, ಹೀಗೆ. ಈಗ್ಲೂ ಒಂದೊಂದ್ಸಲ ಕೈ ಹೋಗುತ್ತೆ. ಮೊದಲಿನ ಹಾಗಲ್ಲ ಬಿಡಿ." ಆಮೇಲೆ ಕೇಳಿದ, "ಮನೇಲಿ ಯಾರಿಗಾದ್ರೂ ಇದೆಯಾ?"

ಹೂಂ ಅಂದೆ. ಡಾಕ್ಟರ ವಿಳಾಸ ಕೇಳಿ ತಿಳಿದುಕೊಂಡೆ.

ಸಂಜೆ ಮನೆಗೆ ಬಂದವನೇ "ಪುಟ್ಟೀ" ಎಂದು ಕರೆದೆ. ಎಷ್ಟೋ ದಿನಗಳ ಮೇಲೆ ನೇರ ಕರೆದದ್ದಕ್ಕೆ ಹೆಂಡತಿ ಅಡುಗೆಮನೆಯಿಂದ ಇಣುಕಿದಳು.

"ಮೊನ್ನೆ ನೀನು ಮಲಗಿದ್ದಾಗ ನಿನ್ನ ತಲೆ ನೋಡ್ದೆ."

ಅವಳ ಕೈ ಸರ್ರನೆ ಸ್ಕಾರ್ಫಿಗೆ ಹೋಯಿತು. ಮುಖ ಬಿಳಿಚಿಕೊಂಡಿತು.

"ಬೈಯಲ್ಲ ಕಣೇ. ಒಂದೇ ಮಾತು ಕೇಳ್ತೀನಿ. ನನ್ನ ಹತ್ರ ಕೂದಲು ಕತ್ತರಿಸ್ಕೊಳ್ಳೋಕೆ ಬರದೇ ಇದ್ದಿದ್ದು ಅದಕ್ಕೇನಾ?"

"ಮತ್ತಿನ್ನೇನಪ್ಪ? ಬೇರೆಯವರ ಕಣ್ಣಿಗೆ ಬೀಳದ ಹಾಗೆ ಮುಚ್ಕೋಬಹುದು. ನಿನ್ನ ಕೈಯಿಂದ ಮುಚ್ಚಿಡೋಕೆ ಆಗುತ್ತಾ?"

"ನನ್ನ ಕಸುಬು ನಿಂಗೆ ನಾಚಿಕೆ ಅಂತ... ಸ್ವಂತ ಬಿಸಿನೆಸ್ ಅಂದ್ಯಲ್ಲ ಅವತ್ತು."

ಅವಳು ನನ್ನನ್ನು ನೋಡಿದಳು, ನಂಬಲಾರದವಳ ಹಾಗೆ. "ಕಟಿಂಗ್ ಶಾಪ್ ಅಂದಿದ್ರೆ, ಹಾಗಾದ್ರೆ ನಿನ್ನ ಕೂದಲು ಯಾಕೆ ಹೀಗೆ, ಬಿಚ್ಚು ನೋಡೋಣ ಅಂತಿದ್ರು. ಅದಕ್ಕಾ ನೀನು ಮಾತು ಬಿಟ್ಟಿದ್ದು? ನಿಂಗೆ ಎಲ್ಲ ಗೊತ್ತಾಗಿದೆ, ನನ್ನ ಕಂಡ್ರೆ ಹೇಸಿಗೆ ಆಗಿದೆ ಅಂದ್ಕೊಂಡಿದ್ದೆ ನಾನು" ಅಂದವಳು ಅತ್ತೇಬಿಟ್ಟಳು.

ನಾನೂ ಅತ್ತೆ. ಹೆಂಡತಿ ಸೌಟು ಹಿಡಿದುಕೊಂಡೇ ಬಂದು ಇಬ್ಬರ ನಡುವೆ ಕೂತಳು. "ಕೀಳಬಾರದು ಅಂತ ದಿನಾ ಅಂದ್ಕೋತೀನಮ್ಮ. ಹೆಡ್‌ಫೋನ್ ಹಾಕ್ಕೊಂಡು ಬೈಸ್ಕೊಳ್ಳುವಾಗ ಕೈ ಎಲ್ಲಿರುತ್ತೆ ಅಂತಾನೇ ಗೊತ್ತಾಗಲ್ಲ" ಎಂದಳು ಮಗಳು. ಡ್ರೈವರನ ಕಥೆ ಹೇಳಿದೆ. ಅವಳು ಅಳು ನಿಲ್ಲಿಸಿ ಕೇಳಿದಳು, ಎರಡು ಸಲ ಹೇಳಿಸಿಕೊಂಡಳು.

ಡ್ರೈವರ್ ಹೇಳಿದ ಆ ಡಾಕ್ಟರಮ್ಮನ ಹತ್ತಿರ ಮೂವರೂ ಹೋದೆವು. ಅವರು ಅವಸರವಿಲ್ಲದೆ ಎಲ್ಲ ಕೇಳಿಕೊಂಡರು. "ಇದು ಚರ್ಮ ಕೀಳೋ ಗೀಳು. ಉಗುರು ಕಚ್ಚೋದು ಇದರ ತಂಗಿ ಇದ್ದ ಹಾಗೆ. ಮನಸ್ಸು ಗಟ್ಟಿ ಇಲ್ಲ ಅಂತ ಬರೋದಲ್ಲ" ಅಂದರು.

"ಕಹಿ ಹಚ್ಚಿದ್ವಿ, ಹೊಡೆದ್ವಿ" ಎಂದು ಹೆಂಡತಿ ತಲೆ ತಗ್ಗಿಸಿದಳು.

"ಎಲ್ಲರೂ ಮೊದಲು ಅದನ್ನೇ ಮಾಡೋದಮ್ಮ. ಬೈದಷ್ಟೂ ಒಳಗಿನ ತಳಮಳ ಹೆಚ್ಚಾಗುತ್ತೆ, ಕೈ ಮತ್ತೆ ಅಲ್ಲಿಗೇ ಹೋಗುತ್ತೆ. ಇನ್ಮೇಲೆ ಬೇಡ."

"ನನ್ನಂಥೋರು ಇನ್ನೂ ಇದ್ದಾರಾ ಡಾಕ್ಟರ್?"

"ಇವತ್ತು ಬೆಳಿಗ್ಗೆಯಿಂದ ಬಂದೋರಲ್ಲಿ ನೀವೇ ಮೊದಲಿನವರಲ್ಲ" ಎಂದು ಅವರು ನಕ್ಕರು. ಮಗಳು ಉಸಿರು ಬಿಟ್ಟಳು. ಆ ಉಸಿರನ್ನು ಎಷ್ಟು ವರ್ಷದಿಂದ ಕಟ್ಟಿಕೊಂಡಿದ್ದಳೋ.

ತಿಂಗಳುಗಟ್ಟಲೆ ಬರಬೇಕಾಗುತ್ತದೆ, ನಡುವೆ ಒಂದೆರಡು ಸಲ ಮತ್ತೆ ಕಿತ್ತರೆ ಎದೆಗುಂದಬಾರದು ಎಂದರು. ಆಮೇಲೆ ಪಕ್ಕದ ಕೋಣೆಯ ಚರ್ಮದ ಡಾಕ್ಟರಿಗೂ ತೋರಿಸಿದೆವು. ಒಂದೆರಡು ಗಾಯಗಳಲ್ಲಿ ಕೀವಾಗಿತ್ತು. ಮುಲಾಮು ಹಚ್ಚಲು ಸುತ್ತಲಿನ ಕೂದಲು ಗಿಡ್ಡ ಮಾಡಬೇಕು ಎಂದು ಅವರು ಹೇಳುತ್ತಿದ್ದಂತೆ ನರ್ಸ್ ಕತ್ತರಿ ಎತ್ತಿಕೊಂಡರು. ಬಾಗಿಲು ತೆರೆದೇ ಇತ್ತು, ಹೊರಗಿನ ಬೆಂಚಿನ ತುಂಬ ಜನ.

ಮಗಳು ಕೈ ಅಡ್ಡ ಹಿಡಿದಳು. "ಬೇಡ ಸಿಸ್ಟರ್. ನಮ್ಮಪ್ಪ ಕಟಿಂಗ್ ಶಾಪ್ ಇಟ್ಟಿದ್ದಾರೆ. ನನ್ನ ಕೂದಲು ಅವರೇ ಕತ್ತರಿಸ್ತಾರೆ."

ದಿನವಿಡೀ ಫೋನಿನಲ್ಲಿ ಮಾತಾಡುವ ಗಂಟಲು ಅದು, ಬೆಂಚಿನ ಕೊನೆಯವರಿಗೂ ಕೇಳಿಸಿತು. ಡಾಕ್ಟರು ನನ್ನ ಕಡೆ ತಿರುಗಿ, ಎಷ್ಟು ಅಗಲ ಕತ್ತರಿಸಬೇಕು, ಎಲ್ಲಿ ಬ್ಲೇಡ್ ತಾಗಿಸಬಾರದು ಎಂದು ಹೇಳತೊಡಗಿದರು. ನಾನು ಎಲ್ಲಕ್ಕೂ ತಲೆಯಾಡಿಸಿದೆ. ಕಣ್ಣು ತುಂಬಿ ಬಂದು ಒಂದು ಮಾತೂ ಕಿವಿಗೆ ಹೋಗಿರಲಿಲ್ಲ.

"ಇನ್ನೊಂದ್ಸಲ ಹೇಳಿ ಡಾಕ್ಟ್ರೇ" ಅಂದೆ.