ಏನೂ ತಿನ್ನದವಳ ಗಂಗಾಳ

ಏಳು ಕೆರೆಯಾಚೆಯೂ ಅಲ್ಲ, ಏಳು ಬೆಟ್ಟದಾಚೆಯೂ ಅಲ್ಲ, ಬೆಳಗೊಳದಿಂದ ಒಂದು ಹರದಾರಿ ನಡೆದರೆ ಸಿಗುವ ನಾಲೆಬದಿಯ ಊರೊಂದರಲ್ಲಿ ಏನೂ ತಿನ್ನದ ಒಬ್ಬ ಹೆಂಗಸಿದ್ದಳಂತೆ. ಬೆಳಗೆದ್ದು ಎಲ್ಲರಿಗೂ ಬಡಿಸುವಳಂತೆ, ಎಲ್ಲರ ಕೈ ತೊಳೆಸುವಳಂತೆ, ತಾನು ಮಾತ್ರ ಒಂದು ದಿನವೂ ತಟ್ಟೆ ಹಾಕಿಕೊಂಡು ಕೂತವಳಲ್ಲವಂತೆ. ಆದರೂ ಹುಣ್ಣಿಮೆಯ ಕಡೆಗೆ ಹೊರಟ ಚಂದ್ರನ ಹಾಗೆ ತುಂಬಿಕೊಳ್ಳುತ್ತಲೇ ಹೋದಳಂತೆ. ಚಂದ್ರನಿಗಾದರೂ ಕರಗುವುದಕ್ಕೆ ಹದಿನೈದು ದಿನವಿದೆ, ಇವಳಿಗೆ ಅದೂ ಇರಲಿಲ್ಲ.

ಆ ಹೆಂಗಸು ಪುಟ್ಟಗೌರಮ್ಮ. ಈಗ ಅವಳು ಮೊಣಕಾಲುಮಟ್ಟ ಕೆಸರಿನಲ್ಲಿ ಹೂತು ನಿಂತಿದ್ದಳು.

ಊರಿನ ಬೇರೆ ಗದ್ದೆಗಳಿಗೆ ಕೂಲಿಯಾಳು ನಾಟಿ ಹಾಕಿದರೂ ಆ ಮನೆಯ ಮೂಡಲ ಗದ್ದೆಗೆ ಮಾತ್ರ ಮನೆಯ ಹೆಂಗಸರೇ ಪೈರು ಇಡಬೇಕು. ಅತ್ತೆ ಮುತ್ತಮ್ಮ ತಲೆ ನರೆಯುವತನಕ ಒಬ್ಬಳೇ ಅದನ್ನು ಮುಗಿಸಿದವಳು. ಸೊಸೆಯ ಕೈಗೆ ಬಂದ ಮೇಲೆ ಕೆಲವು ವರ್ಷ ಸರಿಯಾಗಿಯೇ ನಡೆಯಿತು. ಆಮೇಲೆ ಗೌರಮ್ಮ ಶಾಸ್ತ್ರಕ್ಕೆಂದು ಮೊದಲ ಪೈರನ್ನಿಟ್ಟು ಬದುವಿನ ಮೇಲೆ ಕೂರುವಂತಾಯಿತು, ಮಿಕ್ಕದ್ದನ್ನು ಕೂಲಿಯಾಳೇ ನೆಡಬೇಕಾಯಿತು. ಈ ವರ್ಷ ಯಾಕೋ ಹಟ ಬಂದು ಎರಡನೆಯ ಸಾಲಿಗೂ ಬಗ್ಗಿದಳು. ಹೊಟ್ಟೆ ಎದೆಗೊತ್ತಿ ಉಸಿರು ಕಟ್ಟಿತು. ಕಾಲು ಕೀಳಲು ಹೋದರೆ ಕೆಸರು ಬಿಡಲಿಲ್ಲ.

ಗಂಡ ಲಿಂಗಣ್ಣ ಒಂದು ರಟ್ಟೆ, ಆಳು ಮಂಚಯ್ಯ ಇನ್ನೊಂದು ರಟ್ಟೆ ಹಿಡಿದು ಎಳೆದರು. ಪಕ್ಕದ ಗದ್ದೆಯಲ್ಲಿ ನಾಟಿಗೆ ಬಂದಿದ್ದ ಹೆಂಗಸರ ಮುಂದಾಳು ಸೋಮಮ್ಮ ಸೊಂಟ ನೆಟ್ಟಗೆ ಮಾಡಿ ಕೂಗಿದಳು.

"ಎತ್ತು ಬಿಚ್ಬ್ಯಾಡ್ರಪ್ಪೋ, ಇಲ್ಲೂ ಒಂದು ಜೊತೆ ಕಟ್ಬೇಕು!"

ಗದ್ದೆಬಯಲೆಲ್ಲ ನಕ್ಕಿತು. ಲಿಂಗಣ್ಣನೂ ನಕ್ಕ. ನಕ್ಕು ಮುಗಿಸಿ ಪಂಚೆಯ ಕೆಸರು ಕೊಡವುತ್ತಾ, "ಬುಡು ಅತ್ಲಾಗೆ. ಬರೋ ವರ್ಸದಿಂದ ಇಲ್ಲಿಗೂ ಕಬ್ಬಾಕ್ಬುಡ್ತೀನಿ. ಕಾರ್ಖಾನೆಯೋರು ಗದ್ದೆ ತಾವ್ಕೇ ಲಾರಿ ಕಳಿಸ್ತಾವ್ರೆ. ನಾಟಿ ಹಾಕೋರಿಲ್ದಿದ್ ಮ್ಯಾಲೆ ಗದ್ದೆ ಇಟ್ಕಂಡು ಏನ್ಮಾಡದು?" ಎಂದ.

ಬದುವಿನ ಮೇಲೆ ಮುತ್ತಮ್ಮ ಕೂತಿದ್ದಳು. ಪೊರೆ ಬಂದು ಕಣ್ಣು ಮಂಜಾಗಿದ್ದರೂ ನಾಟಿಯ ದಿನ ಅವಳು ಮನೆಯಲ್ಲಿರುತ್ತಿರಲಿಲ್ಲ. ಮಗನ ಮಾತು ಕೇಳುತ್ತಲೇ ಅವಳ ಕೈ ಬದುವಿನ ಗರಿಕೆಯನ್ನು ಸವರುತ್ತಿದ್ದದ್ದು ನಿಂತುಹೋಯಿತು. ಗೌರಮ್ಮನ ಕಣ್ಣಿಗೆ ಅದು ಬಿತ್ತು.

ನಾಗಮಂಗಲದ ಕಡೆಯ ಒಣಭೂಮಿಯಿಂದ ಬಂದ ಹುಡುಗಿ ಅವಳು. ಪೈರನ್ನು ಹೇಗೆ ಹಿಡಿಯಬೇಕು ಅನ್ನುವುದೂ ಗೊತ್ತಿರಲಿಲ್ಲ. ಹೊಸ ಸೊಸೆಯ ಬೆರಳುಗಳನ್ನು ತನ್ನ ಬೆರಳುಗಳಲ್ಲಿ ಹಿಡಿದು, ಇದೇ ಗದ್ದೆಯಲ್ಲಿ, ಇದೇ ಕೆಸರಿನೊಳಕ್ಕೆ ಒತ್ತಿ ತೋರಿಸಿದವಳು ಈ ಮುದುಕಿ.

"ಕಬ್ಬು ಹಾಕ್ಬ್ಯಾಡಿ," ಅಂದಳು ಗೌರಮ್ಮ, ಇನ್ನೂ ಏದುಸಿರು ಬಿಡುತ್ತಾ. "ಬರೋ ನಾಟಿಗೆ ಈ ಗದ್ದೇನ ನಾನೇ ನೆಡ್ತೀನಿ. ಮೊದಲ್ನೇ ಸಾಲಿಂದ ಕೊನೇ ಸಾಲ್ಗಂಟ. ಆಗ್ನಿಲ್ಲ ಅಂದ್ರೆ ಅವತ್ತೇ ಕಬ್ಬು ತಂದು ಊಣಿ, ನಾನು ಚಕಾರ ಎತ್ತಾಕಿಲ್ಲ."

"ಎಲ್ರೂ ಕೇಳುಸ್ಕಂಡ್ರಾ?" ಎಂದಳು ಸೋಮಮ್ಮ. ಎಲ್ಲರೂ ಕೇಳಿಸಿಕೊಂಡಿದ್ದರು.

ಮೊದಲು ಅವಳು ಎಲ್ಲರೂ ಮಾಡುವುದನ್ನೇ ಮಾಡಿದಳು. ಊಟ ಬಿಟ್ಟಳು. ಬೆಳಿಗ್ಗೆ ನಿಂಬೆಹುಳಿಯ ನೀರು, ಸಂಜೆ ನೀರುಮಜ್ಜಿಗೆ, ನಡುವೆ ದೇವರ ಮೇಲೆ ಭಾರ. ಕಥೆಗಳ ರಾಜಕುಮಾರಿಯರು ಗಾಳಿ ಕುಡಿದು ಬದುಕುತ್ತಾರಲ್ಲ, ಹಾಗೆ. ಆದರೆ ರಾಜಕುಮಾರಿಯರು ಕೊಟ್ಟಿಗೆ ಬಾಚುವುದಿಲ್ಲ. ಒಂದು ಬೆಳಿಗ್ಗೆ ಎಮ್ಮೆಯ ಕೆಚ್ಚಲ ಮುಂದಿನಿಂದ ಏಳಲು ಹೋಗಿ ಕಣ್ಣು ಕತ್ತಲೆಗಟ್ಟಿ ಬಿದ್ದಳು. ಚೊಂಬಿನ ಹಾಲೆಲ್ಲ ಗಂಜಲದ ಕಾಲುವೆಗೆ ಹರಿಯಿತು.

"ಊರೋರು ಏನಂದಾರು?" ಲಿಂಗಣ್ಣ ರೇಗಿದ. "ಎಂಡ್ರಿಗೆ ಇಟ್ಟು ಹಾಕ್ದೆ ಸಾಯಿಸ್ತಾವ್ನೆ ಅನ್ನಾಕಿಲ್ವಾ? ನಮ್ಮನೇಲಿ ಏನ್ ಕಮ್ಮಿಯಾಗದೆ? ನೀನು ಮೈಕೈ ತುಂಬ್ಕಂಡಿದ್ರೇನೇ ನಂಗೆ ಲಕ್ಸಣ."

ಅದು ನಿಜವೇ. ನಾಲೆಯ ನೀರು ಬಂದ ಮೇಲೆ ಆ ಸೀಮೆಯಲ್ಲಿ ದಿನವೂ ಅನ್ನ ಬೇಯಿಸುವುದು, ಹೆಂಡತಿ ಬಾಗಿಲು ತುಂಬಿ ನಿಲ್ಲುವುದು ಗೌಡರ ಮನೆಗೆ ದೊಡ್ಡಸ್ತಿಕೆ. ಬಿದ್ದ ವಾರಕ್ಕೇ ಪಿತೃಪಕ್ಷದ ಹಬ್ಬ ಬಂತು. ಹಸಿದಿದ್ದ ಗೌರಮ್ಮ ಬಾಣಲೆಯ ಮುಂದೆ ನಿಂತೇ ಎಷ್ಟು ಕಜ್ಜಾಯ ತಿಂದಳೋ ಅವಳಿಗೇ ತಿಳಿಯಲಿಲ್ಲ. ರವಿಕೆಯ ಗುಂಡಿ ಮತ್ತೆ ಹಾಕಲಾಗಲಿಲ್ಲ.

ಮಾರನೆಯ ದಿನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದ ಮುತ್ತಮ್ಮ, "ಯಾಕವ್ವ ಗೌರಿ, ಮೂಗೊರೆಸ್ಕತಾ ಇದ್ದೀಯಾ?" ಎಂದಳು.

"ನನ್ ಮೈ ಇಳಿಯಾಕಿಲ್ಲ ಕಣತ್ತೆಮ್ಮ. ಏನೂ ತಿನ್ನದಿಲ್ಲ ನಾನು. ನೀರು ಕುಡುದ್ರೂ ಮೈಗಂಟ್ತದೆ."

ಮುತ್ತಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕಳು. "ನಂಗೆ ಕಣ್ಣು ಕಾಣಾಕಿಲ್ಲ ಕಣೆ, ಕಿವಿ ಕೇಳ್ತದೆ. ಬೆಳಗಿಂದ ಬೈಗ್ಗಂಟ ನಿನ್ ಬಾಯಿ ಸುಮ್ಕಿದ್ದುದ್ನ ನಾನು ಕೇಳೇ ಇಲ್ಲ."

ಗೌರಮ್ಮನಿಗೆ ಚುರುಕ್ಕೆಂದಿತು.

"ಬ್ಯಾಜಾರಾಗ್ಬ್ಯಾಡ. ಒಂದಿನ ನಾನ್ ಏಳ್ದಂಗ್ ಕೇಳು. ಆ ಕಂಚಿನ ಗಂಗಾಳ ತಗಂಡು ಮೂಲೇಲಿಡು. ಏನೇನ್ ಬಾಯ್ಗಾಕ್ಕಬೇಕು ಅನ್ನುಸ್ತದೋ ಅದ್ನೆಲ್ಲ ಅದ್ಕಾಕು. ಬೈಗಿಗೆ ಹೊಟ್ಟೆ ತುಂಬ ಉಣ್ಣು, ನಾನೇ ಬಡುಸ್ತೀನಿ."

ಗೌರಮ್ಮ ಹಾಗೆಯೇ ಮಾಡಿದಳು. ಹಾಲು ಕಾಯಿಸುವಾಗ ಕೆನೆ ಗಂಗಾಳಕ್ಕೆ ಬಿತ್ತು. ಕಾಫಿಯ ಜೊತೆಗೆ ಕಚ್ಚುವ ಬೆಲ್ಲದ ಚೂರು ಬಿತ್ತು. ಶಾಲೆಗೆ ಓಡಿದ ಅವಳ ಮಗ ಅರ್ಧ ಬಿಟ್ಟೆದ್ದ ಮುದ್ದೆ, ಗಂಡನ ತಟ್ಟೆಯಲ್ಲುಳಿದ ಅನ್ನ, ತಪ್ಪಲೆಯ ತಳ ಹತ್ತಿದ್ದು, ಉಪ್ಪು ನೋಡಲು ಸೌಟಿನಲ್ಲೆತ್ತಿದ ಕಾಳು, ತುರಿಯುವಾಗ ಉಳಿದ ಕಾಯಿಚೂರು, ಡಬ್ಬಿ ಮುಚ್ಚುವ ಮುಂಚೆ ಒಂದು ಹಿಡಿ ಹುರಿಗಡಲೆ, ಹಬ್ಬದ ಕಜ್ಜಾಯ ಕೆಟ್ಟೀತೆಂದು ಒಂದು, ಮಿಕ್ಕಿದ್ದು ಒಂದೇ ಅಲ್ಲವೇ ಎಂದು ಇನ್ನೊಂದು. ಪ್ರತಿಸಲವೂ ಕೈ ತಾನಾಗಿ ಬಾಯಿಯ ಹತ್ತಿರ ಹೋಗಿ, ನೆನಪಾಗಿ, ಮೂಲೆಗೆ ತಿರುಗುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಅವಳು ಆ ಗಂಗಾಳದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸತ್ತ ಹಿರಿಯರಿಗೆಲ್ಲ ಸೇರಿಸಿ ಎಡೆ ಇಟ್ಟ ಹಾಗೆ ಅದು ತುಂಬಿ, ಅಂಚಿನಾಚೆ ಚೆಲ್ಲಿತ್ತು. ಮೊದಲು ನಗು ಬಂತು. ಆಮೇಲೆ ಅವ್ವನ ನೆನಪಾಯಿತು. ತವರಿನಲ್ಲಿ ಮಳೆ ಹಿಂದೆಗೆದ ವರ್ಷ ಅವ್ವ ಹಿಟ್ಟಿನ ಮಡಕೆ ತೊಳೆದ ನೀರನ್ನೂ ಅಂಬಲಿಗೆ ಸೇರಿಸುತ್ತಿದ್ದಳು. ಒಂದಗುಳು ಚೆಲ್ಲಬಾರದೆಂದು ಕಲಿತ ಕೈ ಇದು. ಉಳಿದುದನ್ನೆಲ್ಲ ಹಾಕುವುದಕ್ಕೆ ಇಷ್ಟು ವರ್ಷ ಅದಕ್ಕೆ ಸಿಕ್ಕಿದ್ದು ತನ್ನ ಬಾಯಿಯೊಂದೇ.

"ಎಂಗದೆ?" ಹೊಸ್ತಿಲಿಂದ ಮುತ್ತಮ್ಮ ಕೇಳಿದಳು.

"ಮೂರು ಆಳಿನ ಊಟ ಆಯ್ತದೆ ಅತ್ತೆಮ್ಮ."

"ಎಮ್ಮೆಗಾಕು. ಅದ್ಯಾವ ಗದ್ದೆ ನೆಡ್ಬೇಕಾಗದೆ? ಈಗ ಕೂತ್ಕ, ಉಣ್ಣು."

ಮರುದಿನದಿಂದ ಆ ಮನೆಯಲ್ಲಿ ಊರಲ್ಲೆಲ್ಲೂ ಇಲ್ಲದ ಒಂದು ಪದ್ಧತಿ ಶುರುವಾಯಿತು. ಲಿಂಗಣ್ಣ ಊಟಕ್ಕೆ ಕೂತರೆ ಎದುರಿಗೆ ಇನ್ನೊಂದು ಮಣೆ, ಇನ್ನೊಂದು ತಟ್ಟೆ. ಅವನು ಕೈಗೆ ಹಾಕಿಕೊಂಡ ನೀರು ಹಾಗೇ ಸೋರಿತು.

"ಇದೇನೇ ಇದು? ಗಂಡುಸ್ರ ಜೊತೇಲಿ ಕೂತ್ಕಂಡು?"

"ಕೊನೇಲಿ ಉಂಡ್ರೆ ಉಳುದುದ್ನೆಲ್ಲ ಉಣ್ಬೇಕಾಯ್ತದೆ. ನಂಗೂ ಒಂದು ತಟ್ಟೆ, ಅದ್ರಲ್ಲಿರೋದೇ ನನ್ ಊಟ."

"ಅವ್ವಾ, ನೋಡಿಲ್ಲಿ ನಿನ್ ಸೊಸೇನ!"

"ನಂಗೆ ಕಣ್ ಕಾಣಾಕಿಲ್ಲ ಕಣ್ಲಾ," ಅಂದಳು ಮುತ್ತಮ್ಮ. "ಮುದ್ದೆ ಮುರಿ, ಆರೋಯ್ತದೆ."

ಅವಳ ತಟ್ಟೆಯಲ್ಲಿ ಒಂದು ಮುದ್ದೆ, ನಾಲೆಯ ಏರಿಯ ಮೇಲಿಂದ ಕಿತ್ತು ತಂದ ಸೊಪ್ಪು, ಹುರುಳಿಕಾಳು, ಒಂದು ಹಿಡಿ ಅನ್ನಕ್ಕೆ ಮಜ್ಜಿಗೆ. ಹೆಚ್ಚುಕಡಿಮೆ ತವರಿನ ಊಟವೇ. ಹಸಿವು ಇಂಗುವಷ್ಟು ಉಣ್ಣುವಳು, ತಟ್ಟೆ ತೊಳೆದ ಮೇಲೆ ಬಾಯಿಗೆ ಬೀಗ. ಉಳಿದದ್ದು ಎಮ್ಮೆಯ ಕಲಗಚ್ಚಿಗೆ. ಗದ್ದೆಗೆ ಬುತ್ತಿಯನ್ನು ಮಂಚಯ್ಯನ ಕೈಲಿ ಕಳಿಸುವ ಬದಲು ತಾನೇ ಹೊತ್ತು ನಡೆದಳು. ಸಂಕ್ರಾಂತಿಗೆ ಎಳ್ಳುಬೆಲ್ಲ, ಯುಗಾದಿಗೆ ಒಬ್ಬಟ್ಟು ಬಿಡಲಿಲ್ಲ. ತಟ್ಟೆಗೆ ಹಾಕಿಕೊಂಡು, ಕೂತು, ತುಪ್ಪ ಬಿಟ್ಟುಕೊಂಡು, ಕಣ್ಣು ಮುಚ್ಚಿ ತಿಂದಳು. ಇಷ್ಟು ವರ್ಷ ನಿಂತು ತಿಂದ ಒಬ್ಬಟ್ಟುಗಳಲ್ಲಿ ಒಂದರ ರುಚಿಯೂ ತನಗೆ ಗೊತ್ತಾಗಿರಲಿಲ್ಲವಲ್ಲ ಅನಿಸಿತು.

ಮೈ ಬೇಗ ಇಳಿಯಲಿಲ್ಲ. ಎಷ್ಟೋ ವಾರ ಏನೂ ಆಗದೆ, ಒಂದು ಬೆಳಿಗ್ಗೆ ಬಾವಿಯಿಂದ ಬಿಂದಿಗೆ ಹೊತ್ತು ಬಂದು ಮೆಟ್ಟಿಲ ಮೇಲೆ ಉಸಿರಿಗಾಗಿ ನಿಲ್ಲುವುದನ್ನು ಮರೆತದ್ದು ಅವಳಿಗೇ ಆಮೇಲೆ ಹೊಳೆಯಿತು. ಕೈಬಳೆ ಸಡಿಲಾಯಿತು. ಬೂಕನಕೆರೆಯ ಸಂತೆಯಲ್ಲಿ ಹೊನ್ನಪ್ಪ ಎಂಬ ಪರಿಚಯದವನು ಲಿಂಗಣ್ಣನನ್ನು ತಡೆದು, "ಏನ್ಲಾ, ಕಬ್ಬಿನ ಕಾಸು ಬಂದ್ಮ್ಯಾಲೆ ಎಂಡ್ರಿಗೆ ಇಟ್ಟಾಕದ್ನೇ ಬುಟ್ಬುಟ್ಟಾ?" ಅಂದ. ಲಿಂಗಣ್ಣ ಕೆಂಪಗಾಗಿ ಶ್ರೀರಂಗಪಟ್ಟಣದಿಂದ ಮೈಸೂರುಪಾಕು ಕಟ್ಟಿಸಿಕೊಂಡು ಬಂದ. ಗೌರಮ್ಮ ಒಂದು ತುಂಡು ತಟ್ಟೆಗಿಟ್ಟುಕೊಂಡು ಮಿಕ್ಕದ್ದನ್ನು ಹಂಚಿದಳು.

"ತಿನ್ನೇ," ಅಂದ ಅವನು, ಸಣ್ಣ ದನಿಯಲ್ಲಿ. "ನಿಂಗೇ ಅಂತ ತಂದಿವ್ನಿ."

"ತಿಂದ್ನಲ್ಲ. ಬಲ್ ಚೆಂದಾಗದೆ."

ಮತ್ತೆ ಶ್ರಾವಣ ಬಂತು. ಲಿಂಗಣ್ಣ ಕಬ್ಬಿನ ತುಂಡುಗಳನ್ನು ತರಿಸಿ ಬದುವಿನ ನೆರಳಲ್ಲಿ ಒದ್ದೆ ಗೋಣಿ ಹೊದೆಸಿ ಇಟ್ಟಿದ್ದ. ಮಾತು ಅಂದರೆ ಮಾತು. ಸೋಮಮ್ಮ ತನ್ನ ಹೆಂಗಸರನ್ನು ಪಕ್ಕದ ಗದ್ದೆಗೆ ಇಳಿಸಿದ್ದಳು. ನೋಡಲು ಅನುಕೂಲವಾಗಲೆಂದು ಇಳಿಸಿದಳೆಂದು ಊರು ಆಡಿಕೊಂಡಿತು.

ಗೌರಮ್ಮ ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದಳು. ಅವಳೇನೂ ಬಳ್ಳಿಯಂತಾಗಿರಲಿಲ್ಲ, ಈಗಲೂ ಗಟ್ಟಿ ಆಳೇ. ಆದರೆ ಬಗ್ಗಿದಾಗ ಉಸಿರು ಎದೆಯಲ್ಲೇ ಇತ್ತು. ಎಡಗೈಯಲ್ಲಿ ಪೈರಿನ ಕಟ್ಟು, ಬಲಗೈ ಬೆರಳು ಕೆಸರಿಗೆ, ಒಂದು ಹೆಜ್ಜೆ ಹಿಂದಕ್ಕೆ. ಬೆರಳುಗಳು ಮರೆತಿರಲಿಲ್ಲ. ಬಿಸಿಲು ನೆತ್ತಿಗೇರಿತು. ನಡುವೆ ಬದುವಿಗೆ ಬಂದು, ಕೂತು, ಬುತ್ತಿ ಉಂಡು, ಮತ್ತೆ ಇಳಿದಳು. ಸೊಂಟ ಹರಿದುಬೀಳುವ ಹಾಗಾದಾಗ ನಿಂತು ಮುಂದೆ ನೋಡಿದರೆ, ತಾನು ಬಿಟ್ಟು ಬಂದಷ್ಟೂ ಹಸಿರು.

"ಅಕ್ಕೋ, ಎತ್ತು ಕಳಿಸ್ಲಾ?" ಸೋಮಮ್ಮ ಕೂಗಿದಳು.

"ನಿನ್ ಸಾಲು ಸೊಟ್ಟಗಾಯ್ತಾ ಅದೆ, ಅದ್ನ ನೋಡ್ಕಳೆ!"

ಹೆಂಗಸರೆಲ್ಲ ಹೋ ಎಂದರು. ಸೋಮಮ್ಮ ಬಗ್ಗಿ ತನ್ನ ಸಾಲು ನೋಡಿಕೊಂಡು, ನಿಜವೇ ಎಂದು ಕಂಡು, ನಾಟಿಯ ಪದ ಎತ್ತಿದಳು. ಹೊತ್ತು ಇಳಿಯುವತನಕ ಅವಳು ಹೇಳಿದ ಒಂದೊಂದು ಸೊಲ್ಲಿಗೂ ಈಚೆ ಗದ್ದೆಯಿಂದ ಗೌರಮ್ಮನ ದನಿಯೇ ಮೊದಲು ಸೇರುತ್ತಿತ್ತು.

ಬದುವಿನ ಮೇಲೆ ಮುತ್ತಮ್ಮ ತಲೆ ಓರೆ ಮಾಡಿ ಕೇಳುತ್ತಿದ್ದಳು. ಕೆಸರಿನ ಸದ್ದು ತನ್ನ ಕಡೆಗೇ ಬರುತ್ತಾ ಬರುತ್ತಾ ಕಾಲಬುಡದಲ್ಲಿ ನಿಂತಿತು.

"ಮುಗೀತಾ?" ಎಂದಳು.

ಲಿಂಗಣ್ಣ ಬೆಳಗಿನಿಂದ ಬದುವಿನ ಆಚೆ ಈಚೆ ತಿರುಗುತ್ತಿದ್ದವನು ಹತ್ತಿರ ಬಂದು ಬಗ್ಗಿ ಕೈ ಚಾಚಿದ. "ಇಡ್ಕ, ಎಳ್ಕತೀನಿ."

"ಬ್ಯಾಡ, ತಡೀರಿ." ಗೌರಮ್ಮ ತಾನೇ ಕಾಲು ಕಿತ್ತಳು. ಒಂದು, ಆಮೇಲೆ ಇನ್ನೊಂದು. ಬದು ಹತ್ತಿ ತಿರುಗಿ ನೋಡಿದಳು. ಅವಳ ಕೊನೆಯ ಹೆಜ್ಜೆ ಬಿಟ್ಟ ಗುಳಿಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಅಲ್ಲಿ ಮಾತ್ರ ಪೈರಿರಲಿಲ್ಲ.

"ಒಂದು ಪೈರು ಕೊಡಿ."

ಲಿಂಗಣ್ಣ ಸುತ್ತ ಹುಡುಕಿದ. ಕಟ್ಟುಗಳೆಲ್ಲ ಮುಗಿದಿದ್ದವು. ಕಬ್ಬಿನ ತುಂಡುಗಳ ಗೋಣಿಯನ್ನು ಪಕ್ಕಕ್ಕೆಳೆದು, ಅದರ ಹಿಂದೆ ಉದುರಿದ್ದ ಎರಡು ಮೂರು ಎಸಳು ಪೈರನ್ನು ಆರಿಸಿ, ಬೇರಿನ ಮಣ್ಣು ಕೊಡವದೆ, ಎರಡು ಕೈಯಲ್ಲೂ ಹಿಡಿದು ತಂದುಕೊಟ್ಟ. ಅವಳು ಬಗ್ಗಿ ಆ ಗುಳಿಯೊಳಕ್ಕೆ ಅದನ್ನು ಒತ್ತಿದಳು.