ಟಾನೊ ಓಡುತ್ತಿದ್ದನಂತೆ

“ಏನಂದ ಅವನು? ಸಕ್ಕರೆ ಮುಟ್ತಿರ್ಲಿಲ್ವಂತಾ?” ಬಿರಾಗೊ ಮಗಳ ತೊಡೆಯನ್ನು ಚಿವುಟಿಯೇ ಬಿಟ್ಟಳು.

“ಶ್! ಸುಮ್ನಿರಮ್ಮ, ಎಲ್ಲಾ ನೋಡ್ತಿದಾರೆ.”

“ನೋಡ್ಲಿ ಬಿಡೇ. ಟೀ ಲೋಟದಲ್ಲಿ ಚಮಚ ನೆಟ್ಟಗೆ ನಿಲ್ಬೇಕು ಅಂತಿದ್ದ ಗಂಡಸು ಅದು.”

ಕುಮಾಸಿ ಊರಿನ ಆ ಅಂಗಳದ ತುಂಬ ಶಾಮಿಯಾನ, ಶಾಮಿಯಾನದ ತುಂಬ ಕಪ್ಪು ಕೆಂಪು ಬಟ್ಟೆಯ ಜನ. ಎದುರಿಗೆ ಹಿತ್ತಾಳೆ ಮಂಚದ ಮೇಲೆ ಬಿರಾಗೊಳ ಗಂಡ ಕ್ವಾಕು ಟಾನೊ ಮಲಗಿದ್ದ. ಆಯುಸ್ಸೆಲ್ಲ ಲಾರಿ ಟೈರುಗಳಿಗೆ ಪಂಕ್ಚರ್ ಹಾಕಿ ಕಪ್ಪಾಗಿದ್ದ ಕೈಗಳಿಗೆ ಬಿಳಿ ಕೈಗವಸು ತೊಡಿಸಿದ್ದರು. ಮುಖಕ್ಕೆ ಅದೇನೋ ಮೆತ್ತಿ ಮಿರಮಿರ ಮಿಂಚಿಸಿದ್ದರು. ಅದನ್ನು ನೋಡಿದಾಗಲೇ ಬಿರಾಗೊ ಮುಖ ತಿರುಗಿಸಿದ್ದಳು. ಈಗ ಮೈಕಿನ ಮುಂದೆ ನಡೆಯುತ್ತಿದ್ದ ಪಾರಾಯಣವನ್ನಂತೂ ಕೇಳಲಾಗಲಿಲ್ಲ.

ಮೊದಲು ಚರ್ಚಿನವರ ನುಡಿನಮನ, ಆಮೇಲೆ ಸೋದರಳಿಯಂದಿರದು, ಈಗ ಮಕ್ಕಳದು. ಒಬ್ಬರು ಇಂಗ್ಲಿಷಿನಲ್ಲಿ ಓದುವುದು, ಮೈಕಿನವನು ಅದನ್ನು ಊರ ಮಾತಿಗೆ ತಿರುಗಿಸಿ ಕೂಗುವುದು. ಓದುವವರು ಬದಲಾದರೂ ಓದಿದ್ದು ಬದಲಾಗಲಿಲ್ಲ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಟಾನೊ ನಸುಕಿಗೆ ನಾಲ್ಕಕ್ಕೇ ಏಳುತ್ತಿದ್ದನಂತೆ. ಭಾನುವಾರವೇ ಕೂತು ವಾರದ ಕೆಲಸವನ್ನೆಲ್ಲ ಯೋಜಿಸುತ್ತಿದ್ದನಂತೆ. ಸಕ್ಕರೆ ವಿಷ ಎನ್ನುತ್ತಿದ್ದನಂತೆ.

“ಇದು ಯಾರ ಹೆಣವೇ?” ಎಂದಳು ಬಿರಾಗೊ. “ತಪ್ಪು ಮನೆಗೆ ಬಂದಿದೀವಾ?”

ಮಗಳು ಅಡ್ವೊವಾ ತಲೆ ತಗ್ಗಿಸಿದಳು. “ಎಡ್ಮಂಡೇ ಎಲ್ಲರದ್ದೂ ಬರೀತೀನಿ ಅಂದ. ನನಗೂ ಸಾಕಾಗಿತ್ತಮ್ಮ, ಹ್ಞೂ ಅಂದ್ಬಿಟ್ಟೆ.”

*

ಎಡ್ಮಂಡ್ ಟಾನೊನ ಅಕ್ಕನ ಮಗ. ರಾಜಧಾನಿ ಅಕ್ರಾದಲ್ಲಿ ವಿಮೆ ಮಾರುವ ಕೆಲಸ; ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದ ನಗು. ಟಾನೊ ಸತ್ತ ವಾರ, ಹೆಣವನ್ನು ಶವಾಗಾರದಲ್ಲಿಟ್ಟು ಮನೆತನದವರು ಸಭೆ ಸೇರಿದಾಗ ಅವನು ಬಿರಾಗೊಳ ಪಕ್ಕ ಚಾಪೆಯ ಮೇಲೆ ಕೂತು ಫೋನು ತೋರಿಸಿದ್ದ.

“ಇದು ನನ್ನ ಪ್ರೊಫೈಲ್ ಅತ್ತೆ. ಒಂದೇ ಒಂದ್ಸಲ ಬರೆದಿಟ್ಟಿದ್ದು. ನಾನು ಯಾರು, ಎಷ್ಟೊತ್ತಿಗೆ ಏಳ್ತೀನಿ, ಏನು ತಿನ್ತೀನಿ, ಎಂಥ ಮಾತು ಇಷ್ಟ, ಎಲ್ಲಾ ಇದೆ. ಏನೇ ಕೆಲಸ ಇರ್ಲಿ, ಮೊದಲು ಇದನ್ನ ಎಐಗೆ ಉಣಿಸೋದು, ಆಮೇಲೆ ಕೆಲಸ ಹೇಳೋದು. ನನ್ನ ಮನಸ್ಸು ತಿಳ್ಕೊಂಡೇ ಬರೆಯುತ್ತೆ.”

“ನಿನ್ನ ಮನಸ್ಸು ತಿಳ್ಕೊಳ್ಳಿ, ಬೇಡ ಅಂದೋರ್ಯಾರು. ಸತ್ತಿರೋದು ನಿನ್ನ ಮಾವ ಅಲ್ವೇನಪ್ಪ?”

ಎಡ್ಮಂಡ್ ಮಗುವಿನ ಮಾತು ಕೇಳಿದವನಂತೆ ನಕ್ಕ.

“ಅವನ ವಿಷಯ ನಾನು ಹೇಳ್ತೀನಿ, ಬರ್ಕೋ,” ಎಂದಳು ಬಿರಾಗೊ.

“ನೀವು ದುಃಖದಲ್ಲಿದೀರಿ ಅತ್ತೆ, ನಿಮಗ್ಯಾಕೆ ತೊಂದರೆ? ಹೆಸರು, ವಯಸ್ಸು, ಕಸುಬು ಕೊಟ್ಟಿದೀನಿ. ಉಳಿದಿದ್ದನ್ನ ಅದೇ ತುಂಬ್ಕೊಳ್ಳುತ್ತೆ.”

ತುಂಬಿಕೊಂಡಿತು. ಮಡಕೆಯಲ್ಲಿ ಏನಿತ್ತೋ ಅದೇ ತಾನೇ ಸೌಟಿಗೆ ಬರುವುದು? ಮಡಕೆಯ ತುಂಬ ಎಡ್ಮಂಡನೇ ಇದ್ದ. ನಾಲ್ಕಕ್ಕೆ ಏಳುವವನು ಎಡ್ಮಂಡ್, ಸಕ್ಕರೆ ಬಿಟ್ಟವನು ಎಡ್ಮಂಡ್, ವಾರವನ್ನು ಯೋಜಿಸುವವನು ಎಡ್ಮಂಡ್. ಬಂದದ್ದನ್ನು ಅವನು ಎಲ್ಲರಿಗೂ ಇಂಗ್ಲಿಷಿನಲ್ಲಿ ಓದಿ ಹೇಳಿದ, ಓದುತ್ತ ಓದುತ್ತ ಅವನ ಕಣ್ಣು ತುಂಬಿ ಬಂತು. ತನ್ನ ಬಣ್ಣನೆ ತಾನೇ ಕೇಳಿ ಅಳುತ್ತಿದ್ದೇನೆ ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ಇಷ್ಟು ಒಳ್ಳೆಯ ಮನುಷ್ಯ ನಮ್ಮ ಮಾವನೇ ಇರಬೇಕು ಎಂದುಕೊಂಡ. ಇಂಗ್ಲಿಷ್ ಬಾರದ ಬಿರಾಗೊ, ಹುಡುಗ ಅಳುತ್ತಿದ್ದಾನಲ್ಲ, ಒಳ್ಳೆಯದೇ ಬರೆದಿರಬೇಕು ಎಂದು ತಾನೂ ಕಣ್ಣೊರೆಸಿಕೊಂಡಿದ್ದಳು.

*

“ಮುಂದಿನದು ಯಾರದು?” ಬಿರಾಗೊ ಕೇಳಿದಳು.

“ನಿನ್ನದು. ಹೆಂಡತಿಯ ನುಡಿ.”

“ಏನಿದೆ ನೋಡು ಅದರಲ್ಲಿ. ಬೇಗ.”

ಅಡ್ವೊವಾ ಮಡಿಲಲ್ಲಿದ್ದ ಬಣ್ಣದ ಪುಸ್ತಿಕೆಯ ಹಾಳೆ ಮಗುಚಿದಳು. ಓದುತ್ತಿದ್ದಂತೆ ಅವಳ ಮುಖ ಕಪ್ಪಿಟ್ಟಿತು. “ಅಮ್ಮ... ಅಪ್ಪ ದಿನಾ ಬೆಳಗ್ಗೆ ಓಡ್ತಿದ್ರು ಅಂತಿದೆ. ಅವರ ಹೆಜ್ಜೆ ಸದ್ದು ಕೇಳಿ ನೀನೂ ಓಡೋಕೆ ಕಲಿತೆ ಅಂತ.”

ಬಿರಾಗೊ ಎದ್ದು ನಿಂತಳು.

*

ಟಾನೊನ ಎಡಗಾಲು ಚಿಕ್ಕಂದಿನ ಜ್ವರದಲ್ಲೇ ಬಾಡಿ ಗಿಡ್ಡವಾಗಿತ್ತು. ಗ್ಯಾರೇಜುಗಳ ಸಾಲಿನ ಮೂಲೆಯಲ್ಲಿ ಬಿರಾಗೊ ಬಾಳೆಕಾಯಿ ಸುಟ್ಟು ಕಡಲೆಬೀಜದ ಜೊತೆ ಮಾರುತ್ತಿದ್ದ ಕಾಲ. ಎಡಕ್ಕೆ ಇಳಿದು ಬಲಕ್ಕೆ ಏರಿ ಬರುತ್ತಿದ್ದ ಹುಡುಗನನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ.

“ಏನಯ್ಯಾ, ಭೂಮಿ ಅಳೀತಿದೀಯಾ?”

“ಹ್ಞೂ. ನಿನ್ನ ಒಲೆ ಹತ್ರ ಬಂದಾಗ ಲೆಕ್ಕ ತಪ್ಪೋಯ್ತು. ಮತ್ತೆ ಮೊದಲಿಂದ ಅಳೀಬೇಕು. ನಾಳೆನೂ ಬರ್ತೀನಿ.”

ಬಂದ. ಬರುತ್ತಲೇ ಇದ್ದ. ಮದುವೆಯಾಗಿ ಬಹಳ ವರ್ಷಗಳ ಮೇಲೆ ಆಸ್ಪತ್ರೆಯವರು ದಪ್ಪ ಅಟ್ಟೆಯ ಬೂಟು ಕೊಡುತ್ತೇವೆ, ನೆಟ್ಟಗೆ ನಡೆಯಬಹುದು ಎಂದಾಗ ಬಿರಾಗೊ ಆಸೆಪಟ್ಟಳು. ಅವನು ಬೆಂಚಿನ ಮೇಲೆ ಮಲಗಿದ್ದವನು ಕಣ್ಣು ಕೂಡ ತೆರೆಯಲಿಲ್ಲ. “ಸತ್ತ ಮೇಲೆ ನಮ್ಮಮ್ಮನ ಹತ್ರ ಹೋಗೋದು ಬೇಡ್ವಾ? ನೆಟ್ಟಗೆ ನಡ್ಕೊಂಡು ಹೋದ್ರೆ, ಯಾರಪ್ಪಾ ನೀನು ಅಂತಾಳೆ.” ಇಷ್ಟು ಹೇಳಿ ಮತ್ತೆ ಗೊರಕೆ ಹೊಡೆದ.

*

ಮನೆತನದ ಹಿರಿಯನನ್ನು ಎಲ್ಲರೂ ನಾನಾ ಎಂದೇ ಕರೆಯುವುದು. ಮುಂದಿನ ಸಾಲಿನ ದೊಡ್ಡ ಕುರ್ಚಿಯಲ್ಲಿ ಹೊಟ್ಟೆಯ ಮೇಲೆ ಕೈಕಟ್ಟಿ ಕೂತಿದ್ದ. ಬಿರಾಗೊ ಹೆಗಲ ಬಟ್ಟೆ ಇಳಿಸಿ ಮಂಡಿಯೂರಿದಳು.

“ನಾನಾ, ನನ್ನ ಹೆಸರಲ್ಲಿ ಅದನ್ನ ಓದಿಸ್ಬೇಡಿ. ಕಾಲಿಗೆ ಬೀಳ್ತೀನಿ.”

“ಅಚ್ಚಾಗಿದೆಯಲ್ಲ.”

“ಸುಳ್ಳು ಅಚ್ಚಾಗಿದೆ.”

“ದೊಡ್ಡ ದೊಡ್ಡವರು ಬಂದಿದಾರೆ ಬಿರಾಗೊ. ಕುಂಟ, ಪಂಕ್ಚರ್ ಹಾಕೋನು, ಮಧ್ಯಾಹ್ನ ಗೊರಕೆ ಹೊಡೀತಿದ್ದ ಅಂತ ಓದಿಸ್ಲಾ?”

“ಹ್ಞೂ. ಹಾಗೇ ಓದಿಸಿ.”

“ಹೆಣ ನಮ್ಮ ಮನೆತನದ್ದು. ಹೋಗಿ ಕೂತ್ಕೋ.”

ಅದು ನಿಜ. ಅಳಿಯಸಂತಾನದ ಕಟ್ಟು. ಗಂಡ ಬದುಕಿರುವಷ್ಟು ದಿನ ಹೆಂಡತಿಯವನು, ಸತ್ತ ಕೂಡಲೇ ತಾಯಿಯ ಕಡೆಯವರ ಸೊತ್ತು. ಎಡ್ಮಂಡ್ ಬಗ್ಗಿ ಅವಳ ತೋಳು ಹಿಡಿದು ಎಬ್ಬಿಸಿದ.

“ಬೇಜಾರು ಮಾಡ್ಕೋಬೇಡಿ ಅತ್ತೆ. ಕೇಳಿದ ಜನಕ್ಕೆ ಸ್ಫೂರ್ತಿ ಬರ್ಬೇಕು.”

“ನಿನ್ನ ಸ್ಫೂರ್ತಿಗೆ ನನ್ನ ಗಂಡನ ಹೆಣನೇ ಬೇಕಾಗಿತ್ತೇನೋ?”

ಅವನು ಆಗಲೇ ಮೈಕಿನತ್ತ ಹೊರಟಿದ್ದ. ಗಂಟಲು ಸರಿಮಾಡಿಕೊಂಡು ಓದಿದ. ಮೈಕಿನವನು ಕೂಗಿದ: “ನನ್ನ ಪ್ರೀತಿಯ ಪತಿ ದಿನವೂ ಸೂರ್ಯನಿಗಿಂತ ಮೊದಲೇ ಎದ್ದು ಓಡುತ್ತಿದ್ದರು!”

ಹಿಂದಿನ ಬೆಂಚುಗಳಲ್ಲಿ ಗ್ಯಾರೇಜಿನವರು ಕೂತಿದ್ದರು. ಅಲ್ಲಿ ಯಾರೋ ಮೂಗಿನಲ್ಲೇ ಕಿಸಕ್ಕೆಂದರು. ಟಾನೊನ ಪಕ್ಕದಂಗಡಿಯ ಟೀ ಮಾರುವ ಇದ್ರಿಸು ತಡೆಯಲಾರದೆ, “ಪೊಲೀಸ್ ಬಂದಾಗ್ಲೂ ಓಡ್ಲಿಲ್ವಲ್ಲೋ ಅವನು!” ಎಂದುಬಿಟ್ಟ. ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹಬ್ಬಿತು. ಕಪ್ಪು ಬಟ್ಟೆಯ ಹೆಂಗಸರು ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಕುಂಟನನ್ನು ಹೆಂಡತಿಯೇ ಓಡಿಸಿದಳು ಎಂದು ನಾಳೆ ಊರೆಲ್ಲ ಆಡಿಕೊಳ್ಳುವುದು ಗ್ಯಾರಂಟಿ. ಬೇರೆ ಯಾರೋ ಅಗಿದ ತುತ್ತನ್ನು ತನ್ನ ಬಾಯಿಗೆ ತುರುಕಿದ ಹಾಗಾಗಿ ಬಿರಾಗೊ ಹೆಗಲ ಬಟ್ಟೆಯ ಅಂಚಿನಿಂದ ತುಟಿ ಒರೆಸಿಕೊಂಡಳು. ಎಷ್ಟು ಒರೆಸಿದರೂ ಹೇಸಿಗೆ ಹೋಗಲಿಲ್ಲ.

ಪೆಟ್ಟಿಗೆ ಬಂತು. ಹೆಣವನ್ನು ಅದರೊಳಗೆ ಇಳಿಸಿದರು. ಇನ್ನು ಹೆಂಡತಿಯ ಸರದಿ: ದಾರಿಗೆಂದು ಚಾಪೆ, ಬಟ್ಟೆ, ಸೋಪು, ಮೈಯುಜ್ಜುವ ನಾರು ಇಟ್ಟು ಗಂಡನ ಜೊತೆ ಕೊನೆಯ ಮಾತಾಡಬೇಕು. ಆ ಹೊತ್ತಿನಲ್ಲಿ ಅಡ್ಡ ಬಾಯಿ ಹಾಕುವ ಹಕ್ಕು ನಾನಾನಿಗೂ ಇಲ್ಲ. ಎಲ್ಲ ಹೆಂಗಸರೂ ಪಿಸುಗುಟ್ಟಿ ಮುಗಿಸುತ್ತಾರೆ. ಬಿರಾಗೊ ಸಾಮಾನು ಇಟ್ಟು, ಪೆಟ್ಟಿಗೆಯ ಅಂಚು ಹಿಡಿದು, ಬೀದಿಯ ಮೂಲೆಯಲ್ಲಿ ಬಾಳೆಕಾಯಿ ಕೂಗಿ ಮಾರುತ್ತಿದ್ದ ಗಂಟಲಲ್ಲೇ ಶುರುಮಾಡಿದಳು.

“ಏಯ್ ಟಾನೊ, ಕೇಳಿಸ್ಕೋ. ಆಗ ಮಾತಾಡಿದ್ದು ನಾನಲ್ಲ. ಈಗ ಮಾತಾಡ್ತಿರೋದು ನಾನು. ನೀನು ಯಾವತ್ತೂ ಓಡ್ಲಿಲ್ಲ ಕಣೋ. ನಾಲ್ಕಕ್ಕೆ ಏಳೋ ಮಾತಿರ್ಲಿ, ಬಿಸಿಲು ಹೊಟ್ಟೆ ಮೇಲೆ ಬಂದ್ರೂ ಏಳ್ತಿರ್ಲಿಲ್ಲ. ಗಿರಾಕಿ ಹಾರ್ನ್ ಹೊಡೆದ್ರೆ, ಗಾಳಿ ಹೋಗಿರೋದು ಟೈರಿಂದು, ನಿಂದ್ಯಾಕೆ ಹೋಗ್ತಿದೆ ಅಂತ ಬಯ್ತಿದ್ದೆ. ಸೋಮಾರಿ! ಸಕ್ಕರೆ ಡಬ್ಬಿ ಬಚ್ಚಿಟ್ಟೂ ಬಚ್ಚಿಟ್ಟೂ ನನಗೆ ಸಾಕಾಗಿತ್ತು. ಕುಂಟ್ತಾ ನನ್ನ ಹತ್ರ ಬಂದೆ. ಕುಂಟ್ತಾನೇ ಮಕ್ಕಳನ್ನ ಹೆಗಲ ಮೇಲೆ ಹೊತ್ತು ತಿರುಗಿದೆ, ಅವು ದೋಣೀಲಿ ಕೂತಂಗೆ ಕೇಕೆ ಹಾಕ್ತಿದ್ವು. ಅಲ್ಲಿ ನಿಮ್ಮಮ್ಮ ಕಾಯ್ತಿರ್ತಾಳೆ. ಓಡೋ ಮಗನ್ನ ಅವಳು ಹೆತ್ತಿಲ್ಲ. ನಿನ್ನ ಹಾಗೇ ಹೋಗು, ನನ್ನಪ್ಪ. ಬೇರೆ ಯಾರ ಹಾಗೋ ಹೋಗ್ಬೇಡ.”

ಯಾರೂ ನಗಲಿಲ್ಲ. ಅಡ್ವೊವಾ ಬಿಕ್ಕಿದಳು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, “ಡುಏ, ಟಾನೊ, ಡುಏ” ಎಂದ. ಸಾವಿನ ಮನೆಯಲ್ಲಿ ಸಂತಾಪ ಹೇಳುವ ಆ ಮಾತು ಎಲ್ಲರ ಬಾಯಿಂದಲೂ ಬಂತು.

ಎಡ್ಮಂಡ್ ಫೋನು ಹಿಡಿದು ಓಡೋಡಿ ಬಂದ. ಅವನ ಕಣ್ಣು ಮತ್ತೆ ತುಂಬಿತ್ತು. “ಅತ್ತೆ, ಎಂಥಾ ಮಾತು! ಇನ್ನೊಂದ್ಸಲ ಇದಕ್ಕೆ ಹೇಳಿ, ನನ್ನ ಪ್ರೊಫೈಲಿಗೆ ಸೇರಿಸ್ಕೊಳ್ತೀನಿ. ಮುಂದೆ ಯಾರಿಗಾದ್ರೂ ಬರೆಯೋವಾಗ ಬೇಕಾಗುತ್ತೆ.”

ಬಿರಾಗೊ ಅವನ ಹೊಳೆಯುವ ಬೂಟಿನ ಪಕ್ಕಕ್ಕೆ ಸರಿಯಾಗಿ ಉಗಿದಳು.

ಮುಚ್ಚಳ ಹಾಕಿದ ಮೇಲೆ ಬಾಡಿಗೆಯ ಹೊರುವವರು ಮುಂದೆ ಬಂದರು. ಒಂದೇ ತರದ ಕೋಟು, ಒಂದೇ ತರದ ಟೋಪಿ, ಪೆಟ್ಟಿಗೆ ಹೊತ್ತು ಹಾಕಲೆಂದೇ ಕವಾಯತು ಮಾಡಿ ಕಲಿತ ಕುಣಿತ. ಇದ್ರಿಸು ಅವರನ್ನು ಮೊಣಕೈಯಿಂದಲೇ ಪಕ್ಕಕ್ಕೆ ತಳ್ಳಿದ.

“ಸರೀರಪ್ಪಾ. ನಮ್ಮೋನನ್ನ ನಾವು ಹೊರ್ತೀವಿ. ಅತ್ತಿಗೆ, ಆಗ್ಬಹುದಾ?”

ಬಿರಾಗೊ ತಲೆಯಾಡಿಸಿದಳು. ಇದ್ರಿಸು, ಅವನ ಜೊತೆ ಉಗುರಿನ ಸಂದಿಯಲ್ಲಿ ಗ್ರೀಸು ಹೋಗದ ಐವರು ಗ್ಯಾರೇಜಿನವರು ಪೆಟ್ಟಿಗೆಗೆ ಹೆಗಲು ಕೊಟ್ಟರು. ಎರಡು ಹೆಜ್ಜೆ ನೆಟ್ಟಗೇ ಇಟ್ಟರು. ಮೂರನೆಯದಕ್ಕೆ ಇದ್ರಿಸು ಎಡಮಂಡಿ ಬಗ್ಗಿಸಿದ. ಅವನ ಹಿಂದಿನವನು ಬಗ್ಗಿಸಿದ, ಅವನ ಹಿಂದಿನವನೂ.

“ನೆಟ್ಟಗೆ! ನೆಟ್ಟಗೆ ನಡೀರಪ್ಪಾ, ವಿಡಿಯೋ ಆಗ್ತಿದೆ!” ಎಡ್ಮಂಡ್ ಪಕ್ಕದಲ್ಲೇ ಓಡುತ್ತ ಕೂಗುತ್ತಿದ್ದ.

ಪೆಟ್ಟಿಗೆ ಎಡಕ್ಕೆ ಇಳಿಯಿತು, ಬಲಕ್ಕೆ ಏರಿತು, ಮತ್ತೆ ಎಡಕ್ಕೆ ಇಳಿಯಿತು. ಹಾಗೆಯೇ ಗೇಟು ದಾಟಿ, ಹಿಂದೆ ಹಾರ್ನ್ ಹೊಡೆಯುತ್ತಿದ್ದ ಲಾರಿಗಳಿಗೆ ದಾರಿ ಬಿಡದೆ, ನಡುರಸ್ತೆಯಲ್ಲಿ ಹೋಯಿತು.